ಸರಿ, ಹಿಂದೆ ಸರಿ

ಹೆಸರಿನಲ್ಲಷ್ಟೇ ಗಿರಿಯುಳ್ಳ ನಮ್ಮ ಗಿರಿನಗರದ ಅಡ್ಡರಸ್ತೆಯಲ್ಲಿ, ಎರಡೂ ಬದಿಗೆ ಕಾರು ನಿಲ್ಲಿಸಿ ಮಿಕ್ಕ ಓಣಿಯೊಳಗೆ ಎರಡು ವಾಹನಗಳು ಮುಖಾಮುಖಿಯಾದರೆ, ಯಾರು ಹಿಂದೆ ಹೋಗಬೇಕೆಂಬುದು ಗಾತ್ರದಿಂದಲ್ಲ, ಹಾರನ್ನಿನಿಂದಲೂ ಅಲ್ಲ, ಮುಖಭಾವದಿಂದ ತೀರ್ಮಾನವಾಗುತ್ತದೆ. ಮೊದಲು ಕಣ್ಣು ತಗ್ಗಿಸಿದವರು ರಿವರ್ಸ್ ಗೇರ್ ಹಾಕಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ-ವಿರೋಧ ಎರಡೂ ಕಡೆ ನಿಂತು ಕಪ್ ಗೆದ್ದ ನನಗೆ ಆ ಅಭ್ಯಾಸವಿರಲಿಲ್ಲ. ದೇವರಿಂದ ದೋಸೆಹಿಟ್ಟಿನವರೆಗೆ ಯಾವುದನ್ನೂ ಪುರಾವೆಯಿಲ್ಲದೆ ಒಪ್ಪದ ನನ್ನನ್ನು ಚಿಕ್ಕಪ್ಪ ‘ಹೈಕೋರ್ಟು’ ಎಂದೇ ಕರೆಯುತ್ತಾರೆ.

ಆ ಚಿಕ್ಕಪ್ಪ, ನಾನು ಮತ್ತು ಹಿಂದಿನ ಸೀಟು ಕಿತ್ತು ಹಾಸಿಗೆ, ಒಲೆ, ಪುಳಿಯೋಗರೆ ಗೊಜ್ಜಿನ ಡಬ್ಬಿ ತುಂಬಿಕೊಂಡ ಅವರ ಹಳೆಯ ವ್ಯಾನು ಹೋದ ಆಗಸ್ಟಿನಲ್ಲಿ ಹಿಮಾಚಲದ ಸ್ಪಿತಿ ಕಣಿವೆಯವರೆಗೂ ಹೋಗಿಬಂದೆವು. ಅಲ್ಲಿ ಡಾಂಬರನ್ನೇ ಕಾಣದ ಮಣ್ಣುಹಾದಿಗೂ ಹೆದ್ದಾರಿ ಎಂದು ಬೋರ್ಡು. ಹೆದರಿಕೆಯ ದಾರಿ ಎಂದು ಬಿಡಿಸಿ ಓದಿದರೆ ಅರ್ಥ ಸರಿಹೋಗುತ್ತದೆ. ಒಂದು ಮಧ್ಯಾಹ್ನ ನಾವು ಏರುತ್ತಿದ್ದಾಗ ಎದುರಿಗೆ ಬಟಾಣಿಕಾಯಿಯ ಮೂಟೆ ಹೇರಿಕೊಂಡ ಪಿಕಪ್ ಇಳಿದುಬಂತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆಲ್ಲೋ ನದಿ. ನಮ್ಮ ಹಿಂದೆ ಇಪ್ಪತ್ತು ಹೆಜ್ಜೆಯಲ್ಲೇ ಅಗಲ ಜಾಗವಿತ್ತು. ಚಿಕ್ಕಪ್ಪನ ಕೈ ಆಗಲೇ ಗೇರಿನ ಮೇಲಿತ್ತು.

“ಬೇಡಿ ಚಿಕ್ಕಪ್ಪ, ಏರೋ ಗಾಡಿಗೆ ದಾರಿ ಬಿಡ್ಬೇಕು. ರೂಲ್ಸ್ ನಮ್ ಕಡೆ ಇದೆ,” ಎಂದು ಕಿಟಕಿಯಿಂದ ತಲೆ ಹೊರಹಾಕಿ, ನಿಯಮ, ನೀತಿ, ನಾಗರಿಕತೆಗಳ ಕುರಿತು ನನ್ನ ಹರಕು ಹಿಂದಿಯಲ್ಲಿ ವಾದ ಮಂಡಿಸಿದೆ. ನನಗಿಂತ ಎರಡು ಮೂರು ವರ್ಷ ದೊಡ್ಡವನಿದ್ದನೇನೋ ಆ ಚಾಲಕ. ಪ್ರತಿವಾದವನ್ನೇ ಹೂಡದೆ, ‘ದೀದಿ, ನೀವು ಹೇಳೋದೇ ಸರಿ’ ಎಂದು ನಕ್ಕು, ಆ ಭಾರದ ಗಾಡಿಯನ್ನು ಹಿಮ್ಮುಖವಾಗಿ ಏರಿಸತೊಡಗಿದ. ತಿರುವಿನ ಸಡಿಲ ಮಣ್ಣಿನಲ್ಲಿ ಹಿಂಚಕ್ರ ಕುಸಿಯಿತು. ಗಾಡಿ ವಾಲಿ ನಿಂತಿತು. ಹಗ್ಗ ಹರಿದು ಮೂಟೆಗಳು ಒಂದೊಂದಾಗಿ ಉರುಳಿ ನದಿಯತ್ತ ಹೋದವು. ನಮ್ಮಲ್ಲಿ ಅವರೆಕಾಯಿ ಹೇಗೋ ಅಲ್ಲಿ ಬಟಾಣಿ ಹಾಗೆ. ಆದರೆ ಹಿಮ ಬೀಳುವ ಮುನ್ನ ಒಂದೇ ಬೆಳೆ, ವರ್ಷಕ್ಕೆಲ್ಲ ಅದೇ.

ಚಿಕ್ಕಪ್ಪ ಇಳಿದು ಓಡಿದರು. ನಾನು ಇಳಿಯಲಿಲ್ಲ. ಸಿಗ್ನಲ್ಲೇ ಇಲ್ಲದ ಮೊಬೈಲನ್ನು ಬಹಳ ಕೆಲಸವಿದ್ದವಳಂತೆ ನೋಡುತ್ತ ಕೂತೆ. ಅವನೋ, ಗಾಡಿಯನ್ನು ಹೇಗೋ ಮೇಲೆಳೆದು ಬದಿಗೊತ್ತಿದ ಮೇಲೆ, ನಮ್ಮ ಚಕ್ರ ಹೂತುಹೋಗದಂತೆ ಆ ತಿರುವಿಗೆ ಕಲ್ಲು ಜೋಡಿಸಿ, ಕೈ ಬೀಸಿ ನಮ್ಮನ್ನೇ ಮೊದಲು ಕಳಿಸಿದ.

ಬಹಳ ದೂರ ಹೋದ ಮೇಲೆ ಚಿಕ್ಕಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: “ನೀನು ಸರಿ ಕಣಮ್ಮ. ಅವನು ಸರಿದ, ಅಷ್ಟೇ.”

ನಾಚಿಕೆಗೇಡು ಅಲ್ಲಿಗೇ ಮುಗಿದಿದ್ದರೆ ಈ ಪ್ರಬಂಧ ಬೇಕಿರಲಿಲ್ಲ. ಊರಿಗೆ ಮರಳಿ, ಜಯನಗರದ ಅತ್ತೆಯ ಮನೆಯಲ್ಲಿ ಈ ಪ್ರಸಂಗವನ್ನು ದಿಗ್ವಿಜಯದಂತೆ ಬಣ್ಣಿಸಿ, ಪಿಕಪ್ ಹಿಂದೆ ಹೊರಟಲ್ಲಿಗೆ ಜಾಣತನದಿಂದ ಕತೆ ನಿಲ್ಲಿಸಿದೆ. “ಅಯ್ಯೋ, ನಿನ್ ಬಾಯಿಗೆ ಹಿಮಾಲಯಾನೂ ರಿವರ್ಸ್ ಹೋಗತ್ತೆ ಬಿಡು,” ಎಂದರು ಅತ್ತೆ. ಎಲ್ಲರೂ ನಕ್ಕರು. ಚಿಕ್ಕಪ್ಪ ಮಾತ್ರ ಅತ್ತೆಯ ಮುಂದಿದ್ದ ಮೊರವನ್ನು ತಮ್ಮತ್ತ ಎಳೆದುಕೊಂಡು, ತಲೆಯೆತ್ತದೆ, ಅದರಲ್ಲಿದ್ದ ಬಟಾಣಿ ಬಿಡಿಸತೊಡಗಿದರು. ನನ್ನ ವಿರುದ್ಧ ಅಷ್ಟು ಬಲವಾದ ವಾದವನ್ನು ಯಾವ ವೇದಿಕೆಯಲ್ಲೂ ಯಾರೂ ಮಂಡಿಸಿರಲಿಲ್ಲ. ಆಗಲೂ ಬಾಯಿಬಿಟ್ಟು ಉಳಿದರ್ಧ ಹೇಳಲಾಗಲಿಲ್ಲ. ಹೇಳುತ್ತಿರುವುದು ಈಗ, ನಿಮಗೆ.

ಮೊನ್ನೆ, ಈಚೆಗಷ್ಟೇ ಒನ್‌ವೇ ಮಾಡಿದ ಅದೇ ಅಡ್ಡರಸ್ತೆಯಲ್ಲಿ ನೀರಿನ ಕ್ಯಾನಿನ ಟೆಂಪೋ ಎದುರಾಯಿತು. ತಪ್ಪು ನಿಸ್ಸಂದೇಹವಾಗಿ ಅದರದ್ದೇ. ನಾಲಿಗೆಯ ತುದಿಗೆ ಮೂರು ಅಂಶಗಳು ಬಂದು ಸಾಲಾಗಿ ನಿಂತವು. ಕಣ್ಣು ತಗ್ಗಿಸಿ ರಿವರ್ಸ್ ಹಾಕಿದೆ. “ರಾಂಗ್ ನಂದೇ ಅಕ್ಕ, ಥ್ಯಾಂಕ್ಸ್,” ಎಂದು ಕೈಯೆತ್ತಿ ಟೆಂಪೋದವನು ದಾಟಿಹೋದ. ಅದು ನನಗೆ ಸಲ್ಲಬೇಕಾದ ಥ್ಯಾಂಕ್ಸ್ ಅಲ್ಲವೆಂದು ಅವನಿಗೆ ಹೇಗೆ ಗೊತ್ತಾಗಬೇಕು?