ಕಂಬಕ್ಕೆ ಇಟ್ಟ ಅರಿಶಿನ

ಕೆಲಸ ಹೋದ ವಿಷಯ ನಾನು ಮನೆಯಲ್ಲಿ ಹೇಳಿದ್ದು ಹತ್ತು ದಿನ ಬಿಟ್ಟು. ಹೆಂಡತಿ ಕೂಗಾಡಲಿಲ್ಲ. "ಹತ್ತು ದಿನ ಡಬ್ಬಿ ಕಟ್ಟಿಸ್ಕೊಂಡು ಎಲ್ಲಿಗೆ ಹೋಗ್ತಿದ್ರಿ?" ಅಂದಳು, ಅಷ್ಟೆ. ಲೈಬ್ರರಿಗೆ, ಅಂದೆ. ರಿಸೆಷನ್ ವರ್ಷಗಳಲ್ಲಿ ಅಮೆರಿಕದ ನಮ್ಮೂರು ವೆಸ್ಟ್ ಬ್ಲೂಮ್‌ಫೀಲ್ಡಿನ ಲೈಬ್ರರಿಯಲ್ಲಿ ಬೆಳಿಗ್ಗೆ ಹತ್ತಕ್ಕೆಲ್ಲ ನನ್ನಂಥ ನಡುವಯಸ್ಸಿನ ಎಂಜಿನಿಯರುಗಳದ್ದೇ ದರ್ಬಾರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹತ್ತೊಂಬತ್ತು ವರ್ಷ ಕಾರಿನ ಬ್ರೇಕ್ ಡಿಸೈನ್ ಮಾಡಿದವನು ನಾನು. ಏಳು ತಿಂಗಳು ಕಂಡಕಂಡಲ್ಲಿ ಅಪ್ಲೈ ಮಾಡಿ ಸಾಕುಸಾಕಾಯಿತು. ದೇವಸ್ಥಾನದಲ್ಲಿ "ಏನಾದ್ರೂ ಆಯ್ತಾ ಸಾರ್?" ಅಂತ ಕೇಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆಗಿದ್ದರೆ ನಾನೇ ಡಂಗುರ ಹೊಡೆಯುತ್ತಿರಲಿಲ್ಲವೇ?

ನಮ್ಮ ಮನೆಯಿಂದ ಉತ್ತರಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ, ಕೆರೆಯ ದಂಡೆಯಲ್ಲಿ ಒಂದು ಮರದ ಹಳ್ಳಿ ಇತ್ತು. ಹಿಂದೆ ಅಲ್ಲಿನ ಕಾಡು ಕಡಿಸಿ ದುಡ್ಡು ಮಾಡಿದ ವ್ಯಾಪಾರಿಯೊಬ್ಬ ಜಪಾನ್ ಸುತ್ತಿ ಬಂದು, ತನ್ನ ಮಿಲ್ಲಿನವರಿಗೆ ಅದೇ ಧಾಟಿಯಲ್ಲಿ ಹನ್ನೆರಡು ಮನೆ ಕಟ್ಟಿಸಿದ್ದನಂತೆ. ಎಲ್ಲ ಕುಸಿದು ಬಿದ್ದಿದ್ದನ್ನು ಊರಿನವರು ಸೇರಿ ಮತ್ತೆ ಎತ್ತಿ ನಿಲ್ಲಿಸುತ್ತಿದ್ದರು. ಸಂಬಳವಿಲ್ಲದ ಕೆಲಸಕ್ಕೆ ಜನ ಬೇಕು ಅಂತ ಲೈಬ್ರರಿಯ ಬೋರ್ಡಿನಲ್ಲಿ ಚೀಟಿ ಇತ್ತು. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ವಾಸಿ ಅಂತ ಹೋದೆ.

ಅಲ್ಲಿನ ಮುಖ್ಯಸ್ಥ ಎಪ್ಪತ್ತರ ಬಡಗಿ. ಬಿಳಿಯರವನೇ, ಆದರೆ ಹನ್ನೆರಡು ವರ್ಷ ಜಪಾನಿನಲ್ಲಿ ಕೆಲಸ ಕಲಿತವನು. ಮಾತು ಕಮ್ಮಿ. ಪೇಂಟಿಲ್ಲ, ಪಾಲಿಶ್ ಇಲ್ಲ, ಉಜ್ಜುಗೊರಡು ಎಳೆದ ಮೇಲೆ ಮರ ಹೇಗಿದೆಯೋ ಹಾಗೇ ಇರಬೇಕು ಅನ್ನುವುದು ಅವನ ಶಿಸ್ತು. ಕೈಯ ಜಿಡ್ಡು ಕೂಡ ತಾಗದಂತೆ ಗ್ಲೌಸ್ ಹಾಕಿಸುತ್ತಿದ್ದ. ಚಳಿಗಾಲದೊಳಗೆ ನಮ್ಮಲ್ಲಿ ಒಬ್ಬರನ್ನು ವರ್ಷಪೂರ್ತಿ ಉಸ್ತುವಾರಿಗೆ ಅವನು ಆರಿಸುತ್ತಾನೆ, ಸಂಬಳದ ಜೊತೆ ಹೆಲ್ತ್ ಇನ್ಶೂರೆನ್ಸೂ ಉಂಟು ಅಂತ ಗೊತ್ತಾಯಿತು. ಹಳೇ ಕೆಲಸದ ಜೊತೆಗೇ ನಮ್ಮ ಇನ್ಶೂರೆನ್ಸೂ ಹೋಗಿತ್ತು, ನನ್ನ ಹೆಂಡತಿ ದಿನಾ ಇನ್ಸುಲಿನ್ ತೆಗೆದುಕೊಳ್ಳುವವಳು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಸೊಂಟ ಬಿದ್ದುಹೋಗುವಷ್ಟು ದುಡಿದೆ.

ಆಯುಧಪೂಜೆ ಬಂತು. ಫ್ಯಾಕ್ಟರಿಯಲ್ಲಿದ್ದಾಗ ನನ್ನ ಕಂಪ್ಯೂಟರಿಗಾದರೂ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದೆ. ಅವತ್ತು ಎಲ್ಲರಿಗಿಂತ ಮುಂಚೆ ಹೋಗಿ ಉಳಿ, ಉಜ್ಜುಗೊರಡುಗಳ ಹಿಡಿಗೆಲ್ಲ ಅರಿಶಿನ ಕುಂಕುಮ ಇಟ್ಟು, ಕೈಮುಗಿದು, ಒರೆಸಿಬಿಟ್ಟೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ಹೆಬ್ಬಾಗಿಲಿನ ಹೊಸ ಕಂಬ ಪಕ್ಕದಲ್ಲೇ ಮಲಗಿತ್ತು. ಬಾಗಿಲು ಅಂದಮೇಲೆ ಅರಿಶಿನ ಹಚ್ಚದೆ ಬಿಡುವುದುಂಟೇ? ಕೈ ತಾನೇ ಹೋಯಿತು. ನೀರಲ್ಲಿ ಕಲಸಿದ ಅರಿಶಿನವನ್ನು ಬಳಿದ ಮೇಲೆ ಜ್ಞಾನೋದಯವಾಗಿ ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಉಜ್ಜಿದಷ್ಟೂ ಒಳಗಿಳಿದು ಅಂಗೈಯಗಲ ಹಳದಿಯಾಯಿತು. ಕಂಬವನ್ನು ಮಗ್ಗುಲು ತಿರುಗಿಸಿಟ್ಟು ಬಾಯಿಮುಚ್ಚಿಕೊಂಡೆ.

ಮಾರನೇ ದಿನ ಮುದುಕನ ಕಣ್ಣಿಗೆ ಅದು ಬಿತ್ತು. ಶಿಲೀಂಧ್ರ ಅಂದ, ಪೈನ್ ಮರ ಒಳಗಿಂದ ಕೊಳೆಯಲು ಶುರುವಾದರೆ ಹೀಗೇ ಹಳದಿ ತಿರುಗುತ್ತದಂತೆ. ಆ ಕಾಡಿನಲ್ಲಿ ವ್ಯಾಪಾರಿ ಕಡಿಸದೆ ಉಳಿಸಿದ್ದ ಕೊನೆಯ ಹಳೇ ಮರ ಬಿರುಗಾಳಿಗೆ ಬಿದ್ದಾಗ ಸಿಕ್ಕ ಕಂಬ ಅದು. ಮೂರು ದಿನ ಅವನು ಅದನ್ನು ಚಾಕುವಿನಿಂದ ಕೆರೆದು ನೋಡಿದ, ಮೂಸಿ ನೋಡಿದ, ಊಟ ಬಿಟ್ಟು ಅದರ ಪಕ್ಕ ಕೂತ. ನಾನು ಎದುರಿಗೇ ನಿಂತು ಮಾಡಿಗೆ ಹೊದಿಸುವ ಮರದ ಶಿಂಗಲ್ಸ್ ಜೋಡಿಸುತ್ತಿದ್ದೆ. ಹೇಳಿದರೆ ಕೆಲಸ ಹೋಯಿತು ಅನ್ನುವ ಭಯ. ಥೂ, ನನ್ನ ಜನ್ಮಕ್ಕಿಷ್ಟು ಅಂತ ನನಗೇ ಅನ್ನಿಸುತ್ತಿತ್ತು.

ನಾಲ್ಕನೇ ದಿನ ಅವನು ಕಂಬವನ್ನು ತುಂಡು ಮಾಡಲು ಗರಗಸ ತರಿಸಿದ. ಆಗ ತಡೆಯಲಾಗಲಿಲ್ಲ. "ಅದು ರೋಗ ಅಲ್ಲ. ಅರಿಶಿನ. ನಾನು ಹಚ್ಚಿದ್ದು," ಅಂದೆ. ಯಾಕೆ ಅಂತಲೂ ಹೇಳಿದೆ.

ಅವನು ಗರಗಸ ಕೆಳಗಿಟ್ಟ. ಜಪಾನಿನಲ್ಲೂ ಹೊಸ ವರ್ಷಕ್ಕೆ ಹತಾರಗಳಿಗೆ ಪೂಜೆ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ ಅಂದ. ಕಂಬವನ್ನು ಕಲೆ ಒಳಮಗ್ಗುಲಿಗೆ ಬರುವಂತೆ ತಿರುಗಿಸಿ ನಿಲ್ಲಿಸಿದರಾಯಿತು ಅಂದ. ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ಕಾರಿನ ತನಕ ಬಂದು ಮೆಲ್ಲಗೆ ಹೇಳಿದ, "ಮರಕ್ಕೆ ಕಲೆ ಮಾಡುವವನಿಗೆ ನಾನು ಕೆಲಸ ಕಲಿಸಬಲ್ಲೆ. ಮೂರು ದಿನ ಸುಮ್ಮನಿರುವವನ ಕೈಗೆ ಈ ಹಳ್ಳಿ ಕೊಟ್ಟು ಹೋಗಲಾರೆ." ಉಸ್ತುವಾರಿ ಬೇರೊಬ್ಬನಿಗೆ ಹೋಯಿತು.

ಈ ಸಲ ಮನೆಗೆ ಹೋದವನೇ ಶೂ ಬಿಚ್ಚುವ ಮೊದಲೇ ಎಲ್ಲ ಹೇಳಿದೆ. ಹೆಂಡತಿ ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿದಳು. "ನನಗೆ ಹತ್ತು ದಿನ, ಅವರಿಗೆ ಮೂರು ದಿನ," ಅಂದಳು. "ಪರವಾಗಿಲ್ಲ, ಸುಧಾರಿಸಿದೀರಿ." ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ಸುಲಿನ್ ಇನ್ನು ಎಷ್ಟು ವಾರಕ್ಕಿದೆ ಅಂತ ನಾನು ಕೇಳಲಿಲ್ಲ, ಫ್ರಿಜ್ ತೆಗೆದು ನೋಡಿದೆ.

ಶನಿವಾರ ಮತ್ತೆ ಹೋದೆ. ಸಂಬಳವಿಲ್ಲ, ಆಸೆಯೂ ಇಲ್ಲ. ಯಾಕೆ ಹೋದೆನೋ, ಮನೆಯಲ್ಲಿ ಕೂರಲಾಗಲಿಲ್ಲ. ಮುದುಕ ಕಂಬದ ಬುಡಕ್ಕೆ ಕಲ್ಲು ಕೂರಿಸುತ್ತಿದ್ದ. ಗುಡ್ ಮಾರ್ನಿಂಗ್ ಅನ್ನುವ ಮೊದಲೇ, "ಹೋದ ವಾರ ಎರಡನೇ ಸಾಲಿನ ಶಿಂಗಲ್ಸ್ ಅರ್ಧ ಇಂಚು ಕಮ್ಮಿ ಕತ್ತರಿಸಿದೀನಿ, ಬಿಚ್ಚಬೇಕು," ಅಂದೆ.

ಅವನು ತಲೆಯೆತ್ತಲಿಲ್ಲ. "ನನಗೆ ಗೊತ್ತಿತ್ತು," ಅಂದ. "ಏಣಿ ಅಲ್ಲಿದೆ."