ಅಪ್ಪ ಹುಡುಕಿದ ಕುಂಸಿಯ ಮಂಗ

ಎಂ.ಎಸ್ಸಿ. ಕೊನೆಯ ವರ್ಷದ ನನ್ನ ಪ್ರಾಜೆಕ್ಟ್ ಏನೆಂದು ಮನೆಯಲ್ಲಿ ಹೇಳುವುದೇ ಕಷ್ಟವಾಗಿತ್ತು. ಭದ್ರಾವತಿಯಿಂದ ಕುಂಸಿಯವರೆಗೆ ಮಂಗಗಳ ಹಿಂಡುಗಳು ಎಲ್ಲೆಲ್ಲಿವೆ ಎಂದು ಗುರುತು ಮಾಡಿಕೊಂಡು, ಅವುಗಳ ಹಿಕ್ಕೆಯನ್ನು ಸಣ್ಣ ಸೀಸೆಗಳಲ್ಲಿ ತುಂಬಿ ತರಬೇಕಿತ್ತು. ಅದರಲ್ಲಿನ ಡಿಎನ್‌ಎ ನೋಡಿದರೆ ಯಾವ ಹಿಂಡಿಗೆ ಯಾವ ಹಿಂಡಿನ ನೆಂಟಸ್ತನ ಎಂದು ತಿಳಿಯುತ್ತದೆ.

"ಓದ್ಸಿದ್ದು ಇದಕ್ಕಾ?" ಎಂದಳು, ಭದ್ರಾವತಿಯ ಜನ್ನಾಪುರದ ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ. ಕಾರ್ಖಾನೆಯಿಂದ ಆಗಷ್ಟೇ ನಿವೃತ್ತರಾಗಿದ್ದ ಅಪ್ಪ ಮಾತ್ರ, "ಒಬ್ಳೇ ಹೋಗ್ಬೇಡ, ನಾನೂ ಬರ್ತೀನಿ" ಎಂದು ಸ್ಕೂಟರ್ ಹೊರಗೆ ತೆಗೆದರು.

ಮೊದಲ ದಿನ ಅವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ದೂರ ನಿಂತಿದ್ದರು. ವಾರ ಕಳೆಯುವಷ್ಟರಲ್ಲಿ ಹಿಕ್ಕೆ ನನಗಿಂತ ಮೊದಲು ಅವರ ಕಣ್ಣಿಗೇ ಬೀಳತೊಡಗಿತು. ಕುಂಸಿಯಲ್ಲಿ ರಸ್ತೆ ಪಕ್ಕ ನಿಂತು, "ಬಾರೇ ಮಾರಾಯ್ತಿ, ಇಲ್ಲಿ ಫ್ರೆಶ್ ಇದೆ!" ಎಂದು ಕೂಗಿದಾಗ, ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದ್ದರು.

ಆವತ್ತು ಅಲ್ಲೊಂದು ಗಂಡು ಮಂಗ ಹಿಂಡಿನಿಂದ ದೂರ, ಕಾಂಪೌಂಡಿನ ಮೇಲೆ ಒಂಟಿಯಾಗಿ ಕೂತಿತ್ತು. ಗಂಡುಗಳು ಬೆಳೆದ ಮೇಲೆ ಹುಟ್ಟಿದ ಹಿಂಡನ್ನು ಬಿಟ್ಟು ಹೋಗುತ್ತವೆ, ಹೆಣ್ಣುಗಳು ತಾಯಿಯ ಜೊತೆಯಲ್ಲೇ ಉಳಿಯುತ್ತವೆ, ಹಾಗಾಗಿ ಡಿಎನ್‌ಎಯಲ್ಲಿ ತಾಯಿಯ ಕಡೆಯಿಂದ ಬರುವ ಗುರುತು ಆಯಾ ಜಾಗದಲ್ಲೇ ನಿಂತುಬಿಡುತ್ತದೆ ಎಂದು ವಿವರಿಸಿದೆ.

ಸೀಸೆಯ ಮುಚ್ಚಳ ಬಿಗಿ ಮಾಡುತ್ತಿದ್ದ ಅಪ್ಪ ಕೈ ನಿಲ್ಲಿಸಿದರು. "ನಮ್ಮಲ್ಲಿ ಉಲ್ಟಾ ನೋಡು. ನಾವು ಮಗಳನ್ನ ಕಳಿಸ್ತೀವಿ."

ನನ್ನ ಮದುವೆ ಗೊತ್ತಾಗಿ ತಿಂಗಳಾಗಿತ್ತು; ಗಂಡಿನ ಮನೆ ವಿದ್ಯಾನಗರದಲ್ಲಿ. "ವಿದ್ಯಾನಗರ ಏನ್ ದೂರ ಅಪ್ಪ? ಬಸ್ ಹತ್ತಿದ್ರೆ ಬಂದ್ಬಿಡ್ತೀನಿ" ಎಂದೆ.

"ಬರ್ತೀಯ. ಸಂಜೆ ಆದ್ರೆ ವಾಪಸ್ ಹೋಗ್ತೀಯಲ್ಲ" ಎಂದರು. ಮುಚ್ಚಳ ಬಿಗಿ ಮಾಡಿ ಸೀಸೆಯನ್ನು ನನ್ನ ಕೈಗಿಟ್ಟರು.

ಫಲಿತಾಂಶ ಕೈಗೆ ಬಂದಾಗ ನನ್ನ ಮದುವೆಯಾಗಿತ್ತು. ಜನ್ನಾಪುರದ ಹಿಂಡಿನಲ್ಲಿದ್ದ ಒಂದು ಗಂಡಿಗೆ ತಾಯಿಯ ಕಡೆಯ ಗುರುತು ಕುಂಸಿಯದಾಗಿತ್ತು. ಅಪ್ಪನಿಗೆ ಫೋನ್ ಮಾಡಿದೆ.

"ಅಷ್ಟು ದೂರ ನಡ್ಕೊಂಡೇ ಬಂತಾ?"

"ತಾನೇ ಬಂತೋ, ಯಾರಾದ್ರೂ ಹಿಡ್ದು ತಂದು ಬಿಟ್ರೋ ಗೊತ್ತಾಗಲ್ಲ ಅಪ್ಪ."

ಎರಡು ದಿನ ಬಿಟ್ಟು ಅಮ್ಮನ ಫೋನ್ ಬಂತು. "ನಿಮ್ಮಪ್ಪ ಬೆಳಿಗ್ಗೆಯಿಂದ ಟೆರೇಸ್ ಮೇಲೇ ಇದಾರೆ, ಕುಂಸಿಯ ಗಂಡು ಯಾವ್ದು ಅಂತ ಹುಡುಕ್ತಾ. ನೀನೇ ಬಂದು ತೋರ್ಸು."

ಭಾನುವಾರ ಹೋದೆ. ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದ ಮಂಗವನ್ನು ಅಪ್ಪ ತೋರಿಸಿದರು. "ಅದೇ. ಕೂರೋ ಗತ್ತೇ ಬೇರೆ, ನೋಡು." ಅಷ್ಟರಲ್ಲಿ ಅದು ಎದ್ದು ತಿರುಗಿತು. ಹೊಟ್ಟೆಗೆ ಮರಿಯೊಂದು ಕಚ್ಚಿಕೊಂಡಿತ್ತು. ಕಾಫಿ ತಂದ ಅಮ್ಮ ಲೋಟಗಳನ್ನು ಕೆಳಗಿಟ್ಟು ನಗಲು ಶುರುಮಾಡಿದಳು. ಅಪ್ಪನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ಆಮೇಲೆ ನಾನು ಕಂಡ ನೆನಪಿಲ್ಲ.