ಅಕ್ಕನ ಆಶೀರ್ವಾದದ ಜೀಪು

ಇವತ್ತು ಭಾನುವಾರ. ಬೆಳಿಗ್ಗೆ ನೀರು ಬಂತು, ಎರಡು ಬ್ಯಾರಲ್ ತುಂಬಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಮನೆಯವರ ಎರಡು ಅಂಗಿಗೆ ಗುಂಡಿ ಹಚ್ಚಿದೆ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತಿರುವಿ ಹಾಕಿದೆ. ಸಂತೆಯಲ್ಲಿ ಮುಳ್ಳುಬದನೆ ಸಿಕ್ಕವು, ತಂದೆ. ಇದರ ನಡುವೆ ತಮ್ಮನಿಗೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲಕ್ಕೆ ಎತ್ತಿದ. ಊಟಕ್ಕೆ ಬಾ ಎಂದೆ. ಯಾಕೆಂದು ಹೇಳಲಿಲ್ಲ.

ನಮ್ಮ ಮನೆ ಬೀದರಿನ ಮೈಲೂರಿನಲ್ಲಿ, ನನ್ನ ನೌಕರಿ ಔರಾದದ ಒಂದು ಕಚೇರಿಯಲ್ಲಿ. ದಿನಾ ಬಸ್ಸು. ರಸ್ತೆಯಲ್ಲಿ ಜೀವಕ್ಕೆ ಕುತ್ತು ಬರುವಂತೆ ಗಾಡಿ ಓಡಿಸುವವರ ವಿಡಿಯೋ ತೆಗೆದು ಕಳಿಸಿದರೆ ನಮ್ಮಂಥ ಸಾಮಾನ್ಯರಿಗೂ ಹಣ ಕೊಡುವ ಯೋಜನೆಯೊಂದು ಹೋದ ಮಳೆಗಾಲದಲ್ಲಿ ಬಂತು. ದಿನಕ್ಕೆ ಎರಡು ಹೊತ್ತು ಸುಮ್ಮನೆ ಕಿಟಕಿ ನೋಡುವವಳು, ನಾನೂ ಹೆಸರು ಕೊಟ್ಟೆ. ಮೂರು ದಿನದೊಳಗೆ ಕಳಿಸಬೇಕು, ಗಾಡಿಯ ನಂಬರ್ ಕಾಣಬೇಕು, ಇಷ್ಟೇ ಷರತ್ತು.

ಡ್ರೈವರನ ಎಡಕ್ಕಿರುವ ಮೊದಲ ಸೀಟು ನನ್ನದಾಯಿತು. ಮುಂದಿನ ಗಾಜಿನಲ್ಲಿ ಇಡೀ ರಸ್ತೆ ಕಾಣುತ್ತದೆ. ಫೋನನ್ನು ಎದೆಗೆ ಒತ್ತಿ ಹಿಡಿದರೆ ಕೈ ನಡುಗುವುದಿಲ್ಲ, ಇದನ್ನು ನಾನೇ ಕಂಡುಕೊಂಡೆ. ತೆಗೆಯುವಾಗ ನೋಡುವುದಿಲ್ಲ, ಮನೆಗೆ ಬಂದು ಚಹಾ ಕುಡಿಯುತ್ತ ನೋಡುತ್ತೇನೆ. ಕಂಡಕ್ಟರನಿಗೆ ಮಾತ್ರ ದಿನಾ ಮೋಜು.

“ಅಕ್ಕಾರ, ಇವತ್ತ ಎಷ್ಟ್ ಮೀನ ಬಿದ್ದಾವ್ರಿ ಬಲಿಗೆ?” ಎಂದು ಕೇಳಿ, ಡ್ರೈವರನ ಕಡೆ ತಿರುಗಿ, “ಉಸ್ತಾದ್, ಸಾವಕಾಶ ಹೋಗ್ರಿ. ಕ್ಯಾಮೆರಾ ಒಳಗೂ ತಿರಗ್ತದ” ಎನ್ನುತ್ತಾನೆ.

ಹಿಂದಿನ ತಿಂಗಳು ನಮ್ಮ ಓಣಿಯ ಟಂಟಂ ಆಟೋದವನದೇ ಒಂದು ವಿಡಿಯೋ ಕಳಿಸಿದ್ದೆ. ಅವನ ತಾಯಿ ಬಾಗಿಲಿಗೆ ಬಂದು ನಿಂತಳು. “ನಿಮ್ಮ ಮಗ ಬದುಕಿರ್ಲಿ ಅಂತ ಕಳಸೀನ್ರಿ” ಎಂದು ಹೇಳಿ, ಕೂರಿಸಿ ಚಹಾ ಕೊಟ್ಟೆ. ಆವತ್ತು ಆ ಮಾತು ಬಾಯಿಗೆ ಎಷ್ಟು ಹಗುರಾಗಿ ಬಂದಿತ್ತು.

ನನ್ನ ತಮ್ಮ ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಭಾಲ್ಕಿಯಲ್ಲಿ ಅವ್ವನ ಜೊತೆ ಇರುತ್ತಾನೆ, ಬೀದರ್-ಔರಾದ ದಾರಿಯಲ್ಲಿ ಜೀಪು ಓಡಿಸುತ್ತಾನೆ. ಅವ್ವ ಹೊಲಕ್ಕೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಜೀಪು ತಂದ ದಿನ ನನ್ನ ಕೈಯಿಂದಲೇ ಕಾಯಿ ಒಡೆಸಿದ. ನಮ್ಮ ಕಡೆ ಗಾಡಿಯ ಹಿಂದಿನ ಗಾಜಿನ ಮೇಲೆ ತಾಯಿಯದೋ ದೇವರದೋ ಆಶೀರ್ವಾದ ಬರೆಸುವುದು ರೂಢಿ. ಇವನು ಕೆಂಪು ಅಕ್ಷರದಲ್ಲಿ ‘ಅಕ್ಕನ ಆಶೀರ್ವಾದ’ ಎಂದು ಬರೆಸಿದ. ಅವ್ವ ಎರಡು ದಿನ ಮುನಿಸಿಕೊಂಡಿದ್ದಳು.

ಅವನಿಗೆ ಇದ್ದುದು ಒಂದೇ ಕೆಟ್ಟ ಚಟ. ನನ್ನ ಬಸ್ಸು ಕಂಡರೆ ಮುಂದೆ ಹಾಯ್ದು ಹೋಗಿ ಮೂರು ಸಲ ಹಾರ್ನ್ ಹೊಡೆಯುತ್ತಾನೆ, ಮುಂದಿನ ಸ್ಟಾಪಿನಲ್ಲಿ ನಿಂತು ಮುಖ ತೋರಿಸುತ್ತಾನೆ. ಬಸ್ಸಿಗಿಂತ ಮೊದಲು ಮುಟ್ಟಿದರೆ ನಾಲ್ಕು ಜನ ಗಿರಾಕಿಗಳೂ ಸಿಗುತ್ತಾರೆ, ಅಕ್ಕನೂ ಸಿಗುತ್ತಾಳೆ ಎಂಬುದು ಅವನ ಲೆಕ್ಕ. ನನಗೂ ಅದು ಹಿತವೆನಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಶುಕ್ರವಾರ ಮಾಂಜ್ರಾ ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ ಹಿಂದಿನಿಂದ ಬಂದ ಒಂದು ಜೀಪು ನಮ್ಮ ಬಸ್ಸಿನ ಬಲಕ್ಕೆ ನುಗ್ಗಿತು. ಎದುರಿಗೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್. ರೂಢಿಬಿದ್ದ ಬೆರಳು ಫೋನ್ ಒತ್ತಿಬಿಟ್ಟಿತ್ತು. ನಮ್ಮ ಡ್ರೈವರ್ ಬ್ರೇಕ್ ಹಾಕಿದ, ಜೀಪು ಟ್ರ್ಯಾಕ್ಟರಿಗೂ ಬಸ್ಸಿಗೂ ನಡುವೆ ತೂರಿ ಮುಂದೆ ಬಂತು. ಆಮೇಲೆ ಮೂರು ಹಾರ್ನ್. ಗಾಜಿನ ಮೇಲಿನ ಕೆಂಪು ಅಕ್ಷರ ನನ್ನ ಮುಖದ ಎದುರಿಗೇ ಇತ್ತು.

ಮುಂದಿನ ಸ್ಟಾಪು ಸಂತಪುರದಲ್ಲಿ ತಮ್ಮ ನಗುತ್ತ ನಿಂತಿದ್ದ. ಕಿಟಕಿಯಿಂದ ಪೇರಲದ ಚೀಲ ಕೊಟ್ಟ.

“ಅವ್ವ ಕೊಟ್ಟಾಳ. ನಿನ್ನ ಬಸ್ ತಪ್ಪಬಾರದಂತ ಹ್ಯಾಂಗ ಓಡಿಸ್ಕೊಂಡ್ ಬಂದೆ ನೋಡಕ್ಕಾ.”

ಚೀಲ ತೊಡೆಯ ಮೇಲೆ ಇಟ್ಟುಕೊಂಡೆ. ಬಸ್ಸು ಹೊರಟಿತು. ಕಂಡಕ್ಟರ್ ಆವತ್ತು ಮೀನಿನ ಮಾತು ತೆಗೆಯಲಿಲ್ಲ.

ಶುಕ್ರವಾರ ಸಂಜೆ ಒಮ್ಮೆ ನೋಡಿದೆ, ಶನಿವಾರ ಎರಡು ಸಲ. ಕಳಿಸಿದರೆ ಲೈಸೆನ್ಸಿಗೆ ಸಂಚಕಾರ, ತೊಗರಿ ಕೊಯ್ಲಿಗೆ ಕೂಲಿಯವರನ್ನು ಸಾಗಿಸುವ ಈ ದಿನಗಳಲ್ಲಿ ಅವನ ಅನ್ನಕ್ಕೂ. ಕಳಿಸದಿದ್ದರೆ ಅದೇ ತಿರುವು ನಾಳೆಯೂ ಅಲ್ಲೇ ಇರುತ್ತದೆ. ಅಳಿಸಿ ಹಾಕಲು ಬೆರಳು ಹೋಗಿತ್ತು. ಆಟೋದವನ ತಾಯಿಗೆ ಕೊಟ್ಟ ಚಹಾ ನೆನಪಾಗಿ ಬೆರಳು ಹಿಂದೆ ಬಂತು. ಇವತ್ತಿಗೆ ಮೂರನೆಯ ದಿನ.

ಹನ್ನೆರಡೂವರೆಗೆ ತಮ್ಮ ಬಂದ. ಕಣ್ಣು ಕೆಂಪಗಿದ್ದವು. ರಾತ್ರಿ ಕಮಲನಗರಕ್ಕೆ ಮದುವೆ ಜನರನ್ನು ಬಿಟ್ಟು, ನಸುಕಿನಲ್ಲಿ ಕೂಲಿ ಹೆಣ್ಣುಮಕ್ಕಳನ್ನು ಹೊಲಕ್ಕೆ ಬಿಟ್ಟು ಬಂದಿದ್ದ.

“ಊಟಕ್ಕ ಕರದೀಯೋ, ಪಂಚಾಯ್ತಿಗೆ ಕರದೀಯೋ?” ಎಂದ, ಚಪ್ಪಲಿ ಬಿಡುತ್ತ.

“ನಿಮ್ಮಕ್ಕ ಈಗ ಅರ್ಧಾ ಪೊಲೀಸ್ ಆಗ್ಯಾಳಪ್ಪಾ” ಎಂದರು ಮನೆಯವರು ಪೇಪರಿನ ಹಿಂದಿನಿಂದ. “ನಾ ಮನ್ಯಾಗ ಸೈತ ಎಡಕ್ಕ ಸರದು ನಡೀತೇನಿ.”

ಫೋನ್ ಅವನ ಕೈಗೆ ಕೊಟ್ಟೆ. ನೋಡಿ ನಕ್ಕ. “ಏನ್ ಮಸ್ತ್ ಬಂದದಕ್ಕಾ. ಸ್ಟೇಟಸ್ ಇಡ್ತೇನಿ.”

“ಇದನ್ನ ಕಳಸ್ಬೇಕಂತ ಮಾಡೀನಿ” ಎಂದೆ.

ನಗು ನಿಂತಿತು. “ಚಾಷ್ಟಿ ಮಾಡಬ್ಯಾಡ.”

“ಚಾಷ್ಟಿ ಅಲ್ಲ.”

“ನಿನ್ನ ಹೆಸರ್ಲೆ ಗಾಡಿ ಓಡಸ್ತೇನಿ, ನೀನ ನನ್ನ ಹಿಡಿದು ಕೊಡ್ತೀ? ಎಷ್ಟ್ ಕೊಡ್ತಾರ ನನ್ನ ಸಲುವಾಗಿ? ಹೇಳು, ನಾನ ಕೊಡ್ತೇನಿ.”

ಆ ಮಾತು ಚುಚ್ಚಿತು. ಚುಚ್ಚಲೆಂದೇ ಆಡಿದ್ದ. “ಇನ್ನೊಮ್ಮೆ ನೋಡು” ಎಂದೆ. “ಗಾಡಿ ನೋಡಬ್ಯಾಡ. ಹಿಂದಿನ ಏಣಿ ಮ್ಯಾಲೆ ನಿಂತಾವನ್ನ ನೋಡು.”

ಜೀಪಿನ ಏಣಿಗೆ ಇಬ್ಬರು ಜೋತುಬಿದ್ದಿದ್ದರು. ಬಲಗಡೆಯವನ ಹೆಗಲ ಮೇಲೆ ಹಳದಿ ಟವೆಲ್. ಟ್ರ್ಯಾಕ್ಟರ್ ಹಾಯ್ದ ಕ್ಷಣ ಹೊರಗೆ ಚಾಚಿದ್ದ ಕಬ್ಬಿನ ತುದಿ ಆ ಟವೆಲನ್ನು ಹೆಗಲ ಮೇಲಿಂದ ಎಳೆದುಕೊಂಡು ಹೋಗುತ್ತದೆ. ಮನುಷ್ಯ ಉಳಿಯುತ್ತಾನೆ, ಟವೆಲ್ ಇರುವುದಿಲ್ಲ.

ತಮ್ಮ ಅದನ್ನು ಹಿಂದಕ್ಕೆ ಸರಿಸಿ ಮತ್ತೆ ನೋಡಿದ. ಮತ್ತೊಮ್ಮೆ.

“ಸಂತಪುರದಾಗ ಇಳದು ಟವೆಲ್ ಹುಡುಕಿದ್ನಕ್ಕಾ ಅಂವ” ಎಂದ ಸಣ್ಣಗೆ. “ಹೋಟೆಲ್‌ದಾಗ ಬಿಟ್ಟಿರ್ತೀ ನೋಡು ಕಾಕಾ, ಅಂತ ನಾನ ಹೇಳಿದೆ. ಹೂಂ ಅಂದ, ಹೋದ.”

ಮನೆಯವರು ಪೇಪರ್ ಮಡಚಿಟ್ಟರು. ಒಲೆಯ ಮೇಲೆ ಬದನೆಕಾಯಿ ಕುದಿಯುವ ಸಪ್ಪಳ ಕೇಳುತ್ತಿತ್ತು.

“ನಾ ನಿನ್ನ ನೋಡಾಕಂತ ಹಾಯ್ದೆ” ಎಂದ.

“ಗೊತ್ತದ. ಅದಕ್ಕ ಎರಡ್ ದಿನ ನಿದ್ದಿ ಬಂದಿಲ್ಲ ನನಗ.”

“ಲೈಸೆನ್ಸ್ ಕಸಕೊಂಡ್ರ?”

“ಕಸಕೊಂಡಷ್ಟ್ ದಿನ ನನ್ನ ಜೋಡಿ ಬಸ್ಸಿನ್ಯಾಗ ಬಾ. ಕಿಟಕಿ ಸೀಟು ಬಿಟ್ಟು ಕೊಡ್ತೇನಿ.”

ನಗಲಿಲ್ಲ. ಆದರೆ ಫೋನ್ ತಿರುಗಿ ನನ್ನ ಕೈಗೆ ಕೊಟ್ಟ. ಅಳಿಸಬಹುದಿತ್ತು, ಅಳಿಸಿರಲಿಲ್ಲ.

ಅವನ ಪಕ್ಕದಲ್ಲೇ ಕೂತು ಫೋನಿನಲ್ಲಿ ದೂರಿನ ಫಾರ್ಮು ತುಂಬಿದೆ. ಗಾಡಿ ನಂಬರ್, ಜಾಗ, ಹೊತ್ತು. ಹಣ ಯಾವ ಖಾತೆಗೆ ಎಂದು ಕೇಳುವ ಕಡೆ ‘ಬೇಡ’ ಎಂದು ಬರೆದೆ. ಕಳಿಸುವ ಗುಂಡಿ ಒತ್ತಿದೆ. ಹೋಯಿತು. ಅವನು ಗೋಡೆಗೆ ತಲೆ ಆನಿಸಿ, “ಅವ್ವಗ ನೀನ ಹೇಳು” ಎಂದ. ಹೇಳುತ್ತೇನೆ ಎಂದೆ.

“ಇನ್ನ ಊಟಕ್ಕರ ಹಾಕ್ತೀಯೋ, ಅದಕ್ಕೂ ಕೇಸ್ ಮಾಡ್ತೀಯೋ?”

ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ತಮ್ಮ ನಾಲ್ಕು ರೊಟ್ಟಿ ತಿಂದ, ನಾಲ್ಕನೆಯದನ್ನು ಮೊಸರಿನಲ್ಲಿ ಮುರಿದು ಹಾಕಿಕೊಂಡ, ಚಿಕ್ಕಂದಿನ ಹಾಗೇ. ಮೂರು ಗಂಟೆಗೆ ಔರಾದಕ್ಕೆ ಟ್ರಿಪ್ ಇತ್ತಂತೆ. ಅವನ ಫೋನ್ ಬಡಿದುಕೊಂಡಾಗ ಮನೆಯವರು ಎತ್ತಿ, “ಇವತ್ತ ಗಾಡಿ ಬರಾಂಗಿಲ್ರಿ, ಅಂವ ಮಲಗ್ಯಾನ” ಎಂದರು. ಖರೆಯೇ. ನಾನು ತಾಟು ಎತ್ತುವಷ್ಟರಲ್ಲಿ, ಚಾಪೆ ಹಾಸುವುದಕ್ಕೂ ಕಾಯದೆ, ನಡುಮನೆಯ ಬರೀ ನೆಲದ ಮೇಲೆ ಅವನೇ ಮೊದಲು ಮಲಗಿದ್ದ. ಆಮೇಲೆ ಮನೆಯವರು. ನನಗಿನ್ನೂ ಭಾಂಡೆ ತಿಕ್ಕುವುದಿತ್ತು.